ಮೌನಮ್ಮ ಮಾಡಿದ ಮೇಣದ ತಲೆ

ಸುರಪುರದ ಪಾಂಚಾಳರ ಓಣಿಯಲ್ಲಿ ಆ ಕಾಲಕ್ಕೆ ಆರು ಜನ ಮೌನಮ್ಮಂದಿರಿದ್ದರು. ತಿಂಥಣಿಯ ಮೌನಪ್ಪ ದೇವರಿಗೆ ನಡೆದುಕೊಳ್ಳುವ ಮನೆಗಳಲ್ಲಿ ಒಂದು ಹೆಣ್ಣುಕೂಸಿಗಾದರೂ ಆ ಹೆಸರು ಬೀಳುವುದು ವಾಡಿಕೆ. ಒಬ್ಬಾಕೆ ಹುಣಸಗಿ ಮೌನಮ್ಮ, ಒಬ್ಬಾಕೆ ಕೆಳಗಿನ ಮನಿ ಮೌನಮ್ಮ. ಈ ಕತೆಯಾಕೆ ಮೇಣದ ಮೌನಮ್ಮ.

ಅವಳ ಅಪ್ಪ ಮಾನಪ್ಪ ಹಿತ್ತಾಳೆಯಲ್ಲಿ ದೇವರ ಮುಖ ಎರಕ ಹೊಯ್ಯುವವನು. ಮೊದಲು ಮೇಣದಲ್ಲಿ ಮುಖ ತಿದ್ದಬೇಕು, ಅದಕ್ಕೆ ಮಣ್ಣು ಮೆತ್ತಬೇಕು, ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ, ಆ ಖಾಲಿ ಜಾಗಕ್ಕೆ ಕಾದ ಹಿತ್ತಾಳೆ ಹೊಯ್ಯಬೇಕು. ಕುಲುಮೆಯ ಹತ್ತಿರ ಹೆಂಗಸರು ಸುಳಿಯುವಂತಿರಲಿಲ್ಲ. ಆದರೆ ಕುಲುಮೆಯ ಹೊಗೆಗೆ ಮಾನಪ್ಪನ ಕಣ್ಣು ಮಂಜಾಗುತ್ತ ಬಂದಾಗ ಮೇಣದ ಕೆಲಸ ಸದ್ದಿಲ್ಲದೆ ಮಗಳ ಕೈಗೆ ಬಂತು. ಆಗ ಅವಳಿಗೆ ಒಂಬತ್ತು ವರ್ಷ. ಮುಂದೆ ದೊಡ್ಡವಳಾದ ಮೇಲೆ ಶಹಾಪುರಕ್ಕೆ ಮದುವೆಯಾಗಿ ಹೋದಳು. ಮೂರು ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡ, ತಿರುಗಿ ತವರಿಗೆ ಬಂದಳು. ಬಂದ ಮರುದಿನವೇ ಅಣ್ಣ ಕಾಳಪ್ಪ ಅವಳ ಮುಂದೆ ಮೇಣದ ಮುದ್ದೆ ಇಟ್ಟು, "ಯಲ್ಲಮ್ಮನ ಮೂಗು ನನ್ನ ಕೈಯಾಗ ಬರವಲ್ದು, ನೀನೇ ತಿದ್ದು" ಅಂದ. ಅವಳನ್ನು ಸಮಾಧಾನ ಮಾಡಲು ಅವನಿಗೆ ತಿಳಿದ ದಾರಿ ಅದೊಂದೇ. ಅದು ಸಾಕಾಯಿತು.

ಮೌನಮ್ಮನಿಗೆ ಮಾತು ಬಹಳ. ಮೇಣ ತಿದ್ದುವಾಗ ಮೇಣದ ಜೊತೆ, ಒಲೆ ಹಚ್ಚುವಾಗ ಒಲೆಯ ಜೊತೆ ಮಾತಾಡುತ್ತಿದ್ದಳು. ಕೇಳಲಿಕ್ಕೆ ಎದುರಿಗೆ ದಾವಲಬೀ ಇದ್ದರಂತೂ ಮುಗಿಯಿತು. ದಾವಲಬೀ ಮುಂದಿನ ಓಣಿಯ ಬಳೆಗಾರ್ತಿ. ಅರಗಿನ ಬಳೆ ಮಾಡಿ ಬುಟ್ಟಿಯಲ್ಲಿಟ್ಟು ಮಾರುವವಳು. ಒಬ್ಬಳದು ಮೇಣ, ಒಬ್ಬಳದು ಅರಗು. ಇಬ್ಬರಿಗೂ ಬೇಕಾದದ್ದು ಕೆಂಡ. ಹೀಗಾಗಿ ಒಂದೇ ಶೇಗಡಿಯ ಎರಡು ಕಡೆ ಕೂತು ಕೆಲಸ ಮಾಡುವ ರೂಢಿ ಬಿದ್ದಿತ್ತು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷ, ರಜಾಕಾರರ ಹೆದರಿಕೆಯಲ್ಲಿ ಪಾಂಚಾಳರು ಮೂರ್ತಿಗಳನ್ನು ಬಾವಿಗಿಳಿಸಿ ಬಾಗಿಲು ಹಾಕಿಕೊಂಡಿದ್ದಾಗ, ದಾವಲಬೀ ಮಾನಪ್ಪನ ಕಟ್ಟೆಯ ಮೇಲೆ ಬಳೆ ಬುಟ್ಟಿ ಹರವಿಕೊಂಡು ಕೂತು, ಬಂದವರಿಗೆಲ್ಲ "ಮನ್ಯಾಗ ಯಾರೂ ಇಲ್ಲ, ಊರು ಬಿಟ್ಟು ಹೋಗ್ಯಾರ" ಅಂದಿದ್ದಳು. ೧೯೪೮ರಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ರಾಜ್ಯ ಹಿಂದುಸ್ತಾನಕ್ಕೆ ಸೇರಿದ ಮೇಲೆ ಹೆದರಿಕೆ ಮಗ್ಗುಲು ಬದಲಿಸಿತು. ಆಗ ದಾವಲಬೀ ಒಂಬತ್ತು ದಿನ ಮೌನಮ್ಮನ ಮೇಣದ ಕೋಣೆಯಲ್ಲಿ ಅಡಗಿದ್ದಳು. ಅವಳ ಗಂಡ ಶರೀಫಸಾಬ ಆ ವಾರ ಕೆಲಸಕ್ಕೆಂದು ಊರ ಹೊರಗೆ ಹೋದವನು ತಿರುಗಿ ಬರಲಿಲ್ಲ. ಎಲ್ಲದರ ಬಗ್ಗೆ ಮಾತಾಡುತ್ತಿದ್ದ ಮೌನಮ್ಮ ಆ ಒಂಬತ್ತು ದಿನದ ಬಗ್ಗೆ ಯಾವತ್ತೂ ಬಾಯಿ ಬಿಡಲಿಲ್ಲ.

೧೯೫೨ರ ಚಳಿಗಾಲದಲ್ಲಿ ದಾವಲಬೀಯ ಎಡ ಕೆನ್ನೆಯ ಒಳಗೆ ಒಂದು ಹುಣ್ಣಾಯಿತು. ತಂಬಾಕಿನ ಉಂಡೆ ಇಡುತ್ತಿದ್ದ ಜಾಗವೇ ಅದು. ಎರಡು ತಿಂಗಳಾದರೂ ಮಾಯಲಿಲ್ಲ, ಮೇಲಿನಿಂದ ಗಂಟು ಕಾಣಿಸಿತು. ಯಾದಗಿರಿಯ ಡಾಕ್ಟರು ಬೆರಳಿಟ್ಟು ನೋಡಿ, "ಇದು ಮುಲಾಮಿನ ಕೆಲಸ ಅಲ್ಲ. ಹೈದರಾಬಾದಿಗೆ ಹೋಗ್ರಿ. ಅಲ್ಲಿ ಕಿರಣ ಬಿಟ್ಟು ಗಂಟು ಸುಡೂ ಹೊಸ ಯಂತ್ರ ಬಂದದ" ಅಂದರು.

"ಸುಡೂದಂದ್ರ?" ದಾವಲಬೀ ಗಾಬರಿಯಾದಳು.

"ನಾನೂ ಬರ್ತೀನಿ. ಸುಡೂದು ಹೆಂಗಂತ ನಾ ನೋಡ್ತೀನಿ," ಅಂದಳು ಮೌನಮ್ಮ. ಬೆಂಕಿಯ ವಿಷಯದಲ್ಲಿ ತನಗಿಂತ ತಿಳಿದವರಿಲ್ಲ ಎಂಬ ಧೈರ್ಯ ಅವಳದು.

ಯಾದಗಿರಿಯಲ್ಲಿ ರೈಲು ಹತ್ತಿ ವಾಡಿಯಲ್ಲಿ ಬದಲಿಸಿ ಹೈದರಾಬಾದು ಮುಟ್ಟಿದರು. ದೊಡ್ಡ ದವಾಖಾನೆಯಲ್ಲಿ ಹೆಸರು ಬರೆದುಕೊಂಡರು, ಮಂಚ ಕೊಟ್ಟರು, ಆದರೆ ಚಿಕಿತ್ಸೆ ಶುರುವಾಗಲಿಲ್ಲ. ದಿನಾ ಕೇಳಿದರೂ ಒಂದೇ ಉತ್ತರ: ಯಂತ್ರದ ಪರೀಕ್ಷೆ ಆಗಿಲ್ಲ. ನಾಲ್ಕನೆಯ ದಿನ ಮೌನಮ್ಮ ಯಂತ್ರದ ಕೋಣೆಯನ್ನು ಹುಡುಕಿಕೊಂಡು ನೆಲಮಾಳಿಗೆಗೆ ಇಳಿದಳು.

ಅಲ್ಲಿ ಬಿಳಿ ಕೋಟು ಹಾಕಿದ ಒಬ್ಬ ಹೆಂಗಸು ಮೇಜಿನ ಮೇಲೆ ಎರಡು ಹೋಳಾದ ಮೇಣದ ಗಡ್ಡೆಯೊಂದನ್ನು ಜೋಡಿಸಿ ಹಿಡಿದು, ಜೋಡಿಕೆಗೆ ಕರಗಿದ ಮೇಣ ಹನಿಸುತ್ತಿದ್ದಳು. ಅದು ಕುಬ್ರಾಬೇಗಂ. ಕಿರಣಗಳನ್ನು ಅಳೆಯುವುದು ಅವಳ ಕೆಲಸ. ಅಪ್ಪ ಯಾದಗಿರಿಯ ಕಚೇರಿಯಲ್ಲಿ ಪೇಶಕಾರನಾಗಿದ್ದ ಕಾರಣ ಅವಳ ಬಾಲ್ಯ ಅಲ್ಲಿಯೇ ಕಳೆದಿತ್ತು, ಕನ್ನಡ ಬರುತ್ತಿತ್ತು.

"ಒಳಗ ಬರಬಾರದಮ್ಮ," ಅಂದಳು ತಲೆ ಎತ್ತದೆ.

ಮೌನಮ್ಮ ಆಗಲೇ ಬಂದಾಗಿತ್ತು. ಗಡ್ಡೆಯನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಬಡಿದಳು. "ಇದರ ಹೊಟ್ಟ್ಯಾಗ ಗಾಳಿ ಸಿಕ್ಕೊಂಡದ. ಇಲ್ಲೊಂದು, ಇಲ್ಲೊಂದು. ಯಾರು ಹೊಯ್ದಾರ ಇದನ್ನ? ಅವಸರದವರು."

ಕುಬ್ರಾಬೇಗಂ ಈಗ ತಲೆ ಎತ್ತಿದಳು. ಆ ಗಡ್ಡೆಯನ್ನು ಪಕ್ಕದ ಕೋಣೆಗೆ ಒಯ್ದು ಎಕ್ಸ್‌ರೇ ಪಟ ತೆಗೆಸಿದಳು. ಪಟ ಒಣಗಿದ ಮೇಲೆ ಬೆಳಕಿಗೆ ಹಿಡಿದರೆ, ಮೌನಮ್ಮ ತೋರಿಸಿದ ಎರಡೂ ಜಾಗದಲ್ಲಿ ಹುಣಸೆಬೀಜದಷ್ಟು ಕರಿ ಚುಕ್ಕೆಗಳಿದ್ದವು.

"ಕೂಡ್ರಿ," ಅಂದಳು ಕುಬ್ರಾಬೇಗಂ, ಕುರ್ಚಿ ಎಳೆದು.

ಆ ದಿನ ಅವಳು ತಿಳಿಸಿ ಹೇಳಿದ್ದು ಇಷ್ಟು. ಕಿರಣ ಕಣ್ಣಿಗೆ ಕಾಣುವುದಿಲ್ಲ. ಮೈಯೊಳಗೆ ಎಷ್ಟು ಆಳಕ್ಕೆ ಎಷ್ಟು ಮುಟ್ಟಿತು ಎಂದು ತಿಳಿಯಬೇಕಾದರೆ ಮೈಯೊಳಗೇ ಮೀಟರು ಇಡಬೇಕು. ಬದುಕಿದ ಮನುಷ್ಯರಲ್ಲಿ ಅದು ಆಗದ ಮಾತು. ಅದಕ್ಕೆ ಮಾಂಸದಂತೆಯೇ ಕಿರಣವನ್ನು ತಡೆಯುವ ಮೇಣದ ಮೈ ಮಾಡಿ, ಅದರಲ್ಲಿ ತೂತು ಕೊರೆದು, ಕಿರುಬೆರಳಿನಷ್ಟು ಮೀಟರು ತೂರಿಸಿ ಅಳೆಯುತ್ತಾರೆ. ಯಂತ್ರದ ಜೊತೆ ಹಡಗಿನಲ್ಲಿ ಬಂದ ಮೇಣದ ಮೈ ದಾರಿಯ ಬಿಸಿಲಿಗೆ ಬಾಗಿ ಒಡೆದಿತ್ತು. ಇನ್ನೊಂದು ಬರಲು ಆರು ತಿಂಗಳು.

"ದೊಡ್ಡ ಡಾಕ್ಟರು ಯಂತ್ರದ ಜೊತಿ ಬಂದ ಕಾಗದದಾಗ ಬರದ ಲೆಕ್ಕದ ಮ್ಯಾಲೆ ಶುರು ಮಾಡು ಅಂತಾರ," ಅಂದಳು ಕುಬ್ರಾಬೇಗಂ. "ನಾ ಒಲ್ಲೆ ಅಂದೀನಿ. ಕಾಗದ ಅಲ್ಲಿ ಬರದದ್ದು, ಯಂತ್ರ ಇಲ್ಲಿ ನಿಂತದ. ಕಡಿಮಿ ಬಿದ್ರ ಗಂಟು ಸಾಯೂದಿಲ್ಲ, ಹೆಚ್ಚು ಬಿದ್ರ ಕೆನ್ನಿ ತೂತಾಗ್ತದ."

ಕೆನ್ನೆ ಅಂದದ್ದೇ ಮೌನಮ್ಮ ಎದ್ದು ನಿಂತಳು. "ಮೇಣ ಎಲ್ಲದ? ತೋರಸ್ರಿ."

ಮೊದಲ ಕೆಲಸ ಸುಲಭವಾಗಿ ಕಂಡಿತು: ಒಂದು ಗೇಣು ಉದ್ದಗಲದ ಚೌಕ ಹಲಗೆಗಳು, ಒಂದರ ಮೇಲೊಂದು ಪೇರಿಸಲಿಕ್ಕೆ. ಆದರೆ ಬರೀ ಮೇಣ ಮಾಂಸಕ್ಕೆ ಸಮವಾಗುವುದಿಲ್ಲ, ಹಗುರ. ಅದಕ್ಕೆ ಬಿಳಿ ಮೆಗ್ನೀಷಿಯಾ ಪುಡಿ ಬೆರೆಸಬೇಕು, ಹೊಟ್ಟೆಯುಬ್ಬರಕ್ಕೆ ಕೊಡುವಂಥದ್ದೇ. ಆ ಪುಡಿ ಕರಗಿದ ಮೇಣದಲ್ಲಿ ನಿಲ್ಲದೆ ತಳಕ್ಕೆ ಇಳಿಯುತ್ತಿತ್ತು. ತಳ ಭಾರ, ಮೇಲೆ ಹಗುರ. ಮೌನಮ್ಮ ಮೂರು ದಿನ ಅದರ ಜೊತೆ ಗುದ್ದಾಡಿದಳು. ಮೇಲಿನ ವಾರ್ಡಿನಲ್ಲಿ ದಾವಲಬೀಯ ಕೆನ್ನೆ ದಿನದಿನಕ್ಕೆ ಬಿಗಿಯುತ್ತಿತ್ತು, ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ.

ನಾಲ್ಕನೆಯ ದಿನ ಒಂದು ಹಲಗೆ ಹೊಯ್ದಾಗ ಆರುವ ಹೊತ್ತಿಗೆ ನಡುವೆ ಕುಳಿ ಬಿತ್ತು. ಮತ್ತೆ ಕರಗಿಸಿದರೆ ಇನ್ನೊಂದು ದಿನ ಹಾಳು. ಮೌನಮ್ಮ ಕಾಯಿಸಿದ ಚೂರಿಯಿಂದ ಮೇಲೆ ಮೇಣ ಎಳೆದು, ಅಂಗೈಯಿಂದ ಉಜ್ಜಿ, ಕನ್ನಡಿಯಂತೆ ನುಣುಪು ಮಾಡಿ ಕೊಟ್ಟಳು. ಕುಬ್ರಾಬೇಗಂ ಪಟ ತೆಗೆಸಿ ತಂದಳು. ತೇಪೆಯ ಕೆಳಗೆ ಕುಳಿಯ ತಳ ಬಾಯಿ ತೆರೆದುಕೊಂಡು ಅಲ್ಲಿಯೇ ಇತ್ತು.

ಮೌನಮ್ಮನ ಮುಖ ಕೆಂಪೇರಿತು. ಇಪ್ಪತ್ತೈದು ವರ್ಷದಲ್ಲಿ ಯಾರೂ ಅವಳ ಮೇಣದ ಒಳಗು ನೋಡಿದ್ದಿಲ್ಲ.

"ನಮ್ಮ ಕೆಲಸದಾಗ ಮ್ಯಾಲಿಂದು ಚಂದ ಇದ್ರ ಸಾಕ್ರಿ," ಅಂದಳು ಸಣ್ಣ ದನಿಯಲ್ಲಿ. "ಒಳಗ ಏನಿದ್ರೂ ಬೆಂಕ್ಯಾಗ ಕರಗಿ ಹೋಗ್ತದ. ಮುಚ್ಚಿಟ್ಟದ್ದು ತಪ್ಪಾತು. ಆಕಿ ಗಂಜೀನೂ ನುಂಗವಲ್ಲಳು, ಅದಕ್ಕ ಅವಸರ ಮಾಡಿದೆ."

ಕುಬ್ರಾಬೇಗಂ ಬೈಯಲಿಲ್ಲ. "ನನಗೂ ಅವಸರ ಅದ ಮೌನಮ್ಮ. ಆದ್ರ ಈ ಕುಳಿಯಾಗ ಮೀಟರು ಇಟ್ಟಿದ್ರ ಅದು ಸುಳ್ಳು ಹೇಳ್ತಿತ್ತು. ಆ ಸುಳ್ಳಿನ ಮ್ಯಾಲೆ ನಾ ಆಕಿಗೆ ಕಿರಣ ಬಿಡ್ತಿದ್ದೆ. ಇನ್ನೊಂದು ದಿನ ತಗೋರಿ."

ಮೌನಮ್ಮ ಮತ್ತೆ ಮೇಣ ಕರಗಿಸಿದಳು. ಈ ಸಲ ಗಂಜಿಯಂತೆ ದಪ್ಪವಾಗುವತನಕ ಕೈ ಬಿಡದೆ ತಿರುವಿದಳು. ಆ ಹದದಲ್ಲಿ ಪುಡಿಗೆ ಇಳಿಯಲು ದಾರಿಯಿಲ್ಲ. ಅಚ್ಚನ್ನು ಬಿಸಿನೀರಲ್ಲಿಟ್ಟು, ಬೆರಳು ದಪ್ಪದಷ್ಟೇ ಒಂದೊಂದು ಪದರ ಹೊಯ್ದು, ಪೂರ್ತಿ ಆರುವ ಮುಂಚೆ ಮೇಲಿನ ಪದರ ಕೂಡಿಸಿದಳು. ಸಂಜೆಗೆ ಆ ಹಲಗೆಯ ಪಟ ಬಂತು. ತಿಳಿಯಾದ ಬೂದು ಬಣ್ಣ, ಒಂದು ಚುಕ್ಕೆಯಿಲ್ಲ. ಕುಬ್ರಾಬೇಗಂ ಅದನ್ನು ಕಿಟಕಿಗೆ ಅಂಟಿಸಿ ಹಾಗೇ ನೋಡುತ್ತ ನಿಂತಳು.

ಹಲಗೆಗಳಲ್ಲಿ ಅಳತೆಯಾಯಿತು. ಆದರೆ ಹಲಗೆ ಚಪ್ಪಟೆ. ಕೆನ್ನೆ ಗುಂಡಗೆ, ಒಳಗೆ ಬಾಯಿಯ ಪೊಳ್ಳು, ಹಲ್ಲು, ಎಲುಬು. "ಒಂದು ತಲಿ ಬೇಕಾಗಿತ್ತು," ಅಂದಳು ಕುಬ್ರಾಬೇಗಂ. ವೈದ್ಯಕೀಯ ಕಾಲೇಜಿನಿಂದ ಒಂದು ಬುರುಡೆ ತರಿಸಿದಳು. ಮೌನಮ್ಮ ಅದನ್ನು ಮುಟ್ಟುವ ಮೊದಲು ಕೈ ತೊಳೆದುಕೊಂಡಳು. ಹಣೆಯ ಎಲುಬಿಗೆ ಒಂದಿಷ್ಟು ವಿಭೂತಿ ಹಚ್ಚಿ, "ಯಾರೋ ಏನೋ, ಗಂಡಸೋ ಹೆಂಗಸೋ. ನಿನ್ನ ತಲಿ ಒಬ್ಬಾಕಿ ಜೀವಕ್ಕ ಬೇಕಾಗ್ಯದ, ತಪ್ಪು ತಿಳೀಬ್ಯಾಡ" ಅಂದಳು. ಆಮೇಲೆ ಬುಡದ ರಂಧ್ರದಿಂದ ಚಮಚ ಚಮಚವಾಗಿ ಮೇಣ ಹನಿಸಿ, ಬುರುಡೆಯನ್ನು ತೂಗುತ್ತ, ಒಳಗಿನ ಗಾಳಿಯನ್ನೆಲ್ಲ ಹೊರಡಿಸಿದಳು.

ಹೊರಗಿನ ಮುಖಕ್ಕೆ ದಾವಲಬೀಯನ್ನೇ ಎದುರಿಗೆ ಕೂರಿಸಿಕೊಂಡಳು. ಗಂಟಿನ ಉಬ್ಬು ಸಹಿತ ಅಳತೆ ಬೇಕಿತ್ತು. ದಾರದಿಂದ ಅಳೆಯುವುದು, ಹೆಬ್ಬೆರಳಿನಿಂದ ಮೇಣ ಒತ್ತುವುದು, ಮತ್ತೆ ದಾರ. ದಾವಲಬೀ ಬಾಯಿ ಅರ್ಧ ತೆರೆದೇ ತಕರಾರು ತೆಗೆದಳು.

"ಏ ಮೌನಿ, ನನ್ನ ಮೂಗು ಅಷ್ಟು ದಪ್ಪ ಅದ ಏನ?"

"ಇದಕ್ಕಿಂತ ದಪ್ಪ ಅದ. ಗೆಳತಿ ಅಂತ ಕಡಿಮಿ ಮಾಡೀನಿ."

"ಬ್ಯಾಡ, ಇದ್ದಷ್ಟೇ ಮಾಡವಾ," ಅಂದಳು ಪಕ್ಕದಲ್ಲಿ ನಿಂತ ಕುಬ್ರಾಬೇಗಂ ಗಂಭೀರವಾಗಿ, "ಲೆಕ್ಕ ತಪ್ಪತದ." ಮೂವರೂ ನಕ್ಕರು. ನಗುವಾಗ ದಾವಲಬೀಗೆ ನೋವಾಗಿ ಕೆನ್ನೆ ಹಿಡಿದುಕೊಂಡಳು, ನಗು ಮಾತ್ರ ನಿಲ್ಲಿಸಲಿಲ್ಲ.

ಮೇಣದ ತಲೆಯನ್ನು ಯಂತ್ರದ ಕೆಳಗಿಟ್ಟು, ಕೆನ್ನೆಯ ತೂತಿನಲ್ಲಿ ಮೀಟರು ತೂರಿಸಿ ಎರಡು ದಿನ ಅಳೆದರು. ಗಾಳಿಯಲ್ಲಿ ಅಳೆದರೆ ಕಾಗದದ ಲೆಕ್ಕ ಸರಿ ಬರುತ್ತಿತ್ತು. ತಲೆಯಲ್ಲಿ ಅಳೆದರೆ ನೂರರ ಜಾಗದಲ್ಲಿ ನೂರಾ ಇಪ್ಪತ್ತೆರಡು. ಕಿರಣ ಮಾಂಸದೊಳಗೆ ಹೊಕ್ಕು ಸುತ್ತಲಿಂದ ಚೆದುರಿ ತಿರುಗಿ ಬರುತ್ತದೆ, ಕಾಗದ ಬರೆದವರು ಅದನ್ನು ಹಿಡಿದಿರಲಿಲ್ಲ. ಕುಬ್ರಾಬೇಗಂ ಐದು ಸಲ ಅಳೆದು ಐದನ್ನೂ ಬರೆದು ದೊಡ್ಡ ಡಾಕ್ಟರ ಮುಂದಿಟ್ಟಳು. ಅವರು ಬಹಳ ಹೊತ್ತು ನೋಡಿ ಕನ್ನಡಕ ತೆಗೆದರು. "ಹೋದ ವಾರ ಶುರು ಮಾಡಿದ್ದರೆ..." ಅಂದರು. ಕಿರಣ ಬಿಡುವ ಹೊತ್ತು ಕಡಿಮೆ ಮಾಡಿ ಚಿಕಿತ್ಸೆ ಬರೆದುಕೊಟ್ಟರು.

ಐದು ವಾರ ಚಿಕಿತ್ಸೆ ನಡೆಯಿತು. ಕೆನ್ನೆ ಕಪ್ಪಾಯಿತು, ಬಾಯೆಲ್ಲ ಹುಣ್ಣಾಯಿತು, ಉಪ್ಪು ಸಿಹಿ ಒಂದೂ ತಿಳಿಯದಂತಾಯಿತು. ಆದರೆ ಗಂಟು ದಿನಕ್ಕಿಷ್ಟು ಕರಗುತ್ತ ಹೋಯಿತು. ಯುಗಾದಿಯ ಹೊತ್ತಿಗೆ ಇಬ್ಬರೂ ಸುರಪುರಕ್ಕೆ ಬಂದರು. ಬಾಯಿ ಮೊದಲಿನಷ್ಟು ಅಗಲ ತೆರೆಯದಿದ್ದರೂ ದಾವಲಬೀ ಮತ್ತೆ ಬುಟ್ಟಿ ಹೊತ್ತು "ಬಳಿ ಬೇಕೇನ್ರೀ" ಅನ್ನುವಷ್ಟು ತೆರೆಯುತ್ತಿತ್ತು.

ತಲೆಯ ಸುದ್ದಿ ಹರಡಿ ಬೇರೆ ದವಾಖಾನೆಗಳವರೂ ತಮಗೂ ಮೇಣದ ತಲೆ, ಎದೆ ಬೇಕೆಂದು ಕುಬ್ರಾಬೇಗಂಗೆ ಬರೆದು ಕೇಳತೊಡಗಿದರು. ಅವಳು ಅಳತೆಗಳನ್ನು ಅಂಚೆಯಲ್ಲಿ ಕಳಿಸುವುದು, ಮೌನಮ್ಮ ಸುರಪುರದಲ್ಲಿ ಮಾಡಿ ಯಾದಗಿರಿಯಿಂದ ರೈಲಿಗೆ ಹಾಕುವುದು, ಹೀಗೆ ಮೂರು ವರ್ಷ ನಡೆಯಿತು. ಬೇಸಿಗೆಯಲ್ಲಿ ಪೆಟ್ಟಿಗೆಯನ್ನು ಒಂಟಿಯಾಗಿ ಕಳಿಸುವಂತಿರಲಿಲ್ಲ. ಭತ್ತದ ಹೊಟ್ಟು ತುಂಬಿ, ಮೇಲೆ ಹಸಿ ಗೋಣಿತಟ್ಟು ಹೊದಿಸಿ, ದಾರಿಯುದ್ದಕ್ಕೂ ನೀರು ಚಿಮುಕಿಸುತ್ತ ತಾನೇ ಜೊತೆ ಹೋಗುತ್ತಿದ್ದಳು.

ಅಂಥದೊಂದು ಮಧ್ಯಾಹ್ನ ಯಾದಗಿರಿ ಸ್ಟೇಷನ್ನಿನಲ್ಲಿ ಹೊಸದಾಗಿ ಬಂದ ಪೊಲೀಸು ಹಣಮಂತ್ರಾಯ ಪೆಟ್ಟಿಗೆಯ ಮುಂದೆ ಲಾಠಿ ಊರಿ ನಿಂತ.

"ಇದಕ್ಯಾಕ ನೀರು ಹೊಡ್ಯಾಕತ್ತೀದಿ? ಒಳಗೇನದ?"

"ತಲಿ ಅದರಿ," ಅಂದಳು ಮೌನಮ್ಮ. ಅವಸರದಲ್ಲಿ ಸೇರಿಸಿದಳು, "ಎದೀನೂ ಅದ. ಕೈಕಾಲು ಇಲ್ಲ."

ಹಣಮಂತ್ರಾಯನ ಮೀಸೆ ನೆಟ್ಟಗಾಯಿತು. ಸುತ್ತ ಜನ ಸೇರಿತು. ಪೆಟ್ಟಿಗೆ ಬಿಚ್ಚು ಅಂದ. ಹೊಟ್ಟು ಸರಿಸಿದ್ದೇ ಕಣ್ಣುಮುಚ್ಚಿದ, ಬಿಳಚಿದ ಮುಖವೊಂದು ಹೊರಬಂತು. ಅವನು ಎರಡು ಹೆಜ್ಜೆ ಹಿಂದೆ ಜಿಗಿದು ಹಮಾಲನ ಕಾಲು ತುಳಿದ.

"ಹೆದರಬ್ಯಾಡ್ರಿ, ಮೇಣದ್ದು. ದವಾಖಾನಿ ಯಂತ್ರದ ಸಲುವಾಗಿ," ಅಂದು ಮೌನಮ್ಮ ಅವನ ಕೈ ಹಿಡಿದು ಆ ಕೆನ್ನೆಯ ಮೇಲಿಟ್ಟಳು. ಮೀಟರು ಇಡುವ ತೂತು ತೋರಿಸಿ, ಕಿರಣ, ಗಂಟು, ಲೆಕ್ಕ, ದಾವಲಬೀಯ ಮೂಗು, ಎಲ್ಲ ಬಿಡಿಸಿ ಹೇಳಿದಳು. ರೈಲು ಬರುವುದಕ್ಕೂ ಕತೆ ಮುಗಿಯುವುದಕ್ಕೂ ಸರಿಹೋಯಿತು. ಹಣಮಂತ್ರಾಯ ತಾನೇ ಪೆಟ್ಟಿಗೆಯ ಒಂದು ಕಡೆ ಹಿಡಿದು ಡಬ್ಬಿಗೇರಿಸಿದ. "ನಮ್ಮ ಅವ್ವಗೂ ಗಂಟಲದಾಗ ಏನೋ ಆಗ್ಯದರಿ," ಅಂದ ಇಳಿಯುವ ಮುಂಚೆ, ಮೆಲ್ಲಗೆ. ಮೌನಮ್ಮ ಕುಬ್ರಾಬೇಗಂಳ ಹೆಸರು ಹೇಳಿ, "ನಾ ಕಳಿಸೀನಿ ಅನ್ರಿ" ಅಂದಳು. ಆ ಅವ್ವ ಉಳಿಯಲಿಲ್ಲ, ತಡವಾಗಿತ್ತು. ಆದರೂ ಹಣಮಂತ್ರಾಯ ಆಮೇಲೆ ಪ್ರತಿ ಸಲವೂ ಪೆಟ್ಟಿಗೆಗೆ ಹೆಗಲು ಕೊಡುತ್ತಿದ್ದ.

೧೯೫೬ರ ನವೆಂಬರಿನಲ್ಲಿ ಹೈದರಾಬಾದು ರಾಜ್ಯ ಹಂಚಿಹೋಯಿತು. ಸುರಪುರ, ಶಹಾಪುರ, ಯಾದಗಿರಿ ಮೈಸೂರಿಗೆ ಸೇರಿದವು, ಹೈದರಾಬಾದು ಆಂಧ್ರಕ್ಕೆ. ಓಣಿಯಲ್ಲಿ ಸಕ್ಕರೆ ಹಂಚಿದರು. ಕನ್ನಡದವರೆಲ್ಲ ಒಂದಾದ ಖುಷಿ ಮೌನಮ್ಮನಿಗೂ ಇತ್ತು. ಆದರೆ ಮರುತಿಂಗಳು ಕುಬ್ರಾಬೇಗಂಳ ಪತ್ರ ಬಂತು. ದವಾಖಾನೆ ಇನ್ನು ಬೇರೆ ರಾಜ್ಯದ್ದು, ಹೊರಗಿನಿಂದ ತರಿಸಬೇಕಾದರೆ ಹತ್ತು ಸಹಿ ಬೇಕು; ಮೇಲಾಗಿ ಬಿಸಿಲಿಗೆ ಕರಗದ, ಗಾಜಿನಂಥ ಪ್ಲಾಸ್ಟಿಕ್ಕಿನ ಹಲಗೆಗಳು ಬಂದಿವೆ. "ನನಗೆ ಬೇಸರವಾಗಿದೆ, ನೀವು ಬೇಸರ ಮಾಡಿಕೊಳ್ಳಬೇಡಿ," ಎಂದು ಬರೆದಿದ್ದಳು. ಓದಿ ಹೇಳಿದ ಕಾಳಪ್ಪ ತಂಗಿಯ ಮುಖ ನೋಡಿದ.

"ಕರಗೂದಿಲ್ಲ ಅಂದ್ರ ಚಲೋ ಆತಲ್ಲ," ಅಂದಳು ಮೌನಮ್ಮ. ಎರಡು ದಿನ ಶೇಗಡಿ ಹಚ್ಚಲಿಲ್ಲ. ಮೂರನೆಯ ದಿನ ದಾವಲಬೀ ಬಂದು ತಾನೇ ಕೆಂಡ ಹಾಕಿ ಎದುರಿಗೆ ಕೂತಳು.

೧೯೫೮ರಲ್ಲಿ ದಾವಲಬೀಯ ಕೆನ್ನೆ ತೋರಿಸಲಿಕ್ಕೆ ಕೊನೆಯ ಸಲ ಹೈದರಾಬಾದಿಗೆ ಹೋದರು. ಡಾಕ್ಟರು ಏನೂ ಇಲ್ಲ, ಹೋಗಿ ಬನ್ನಿ ಅಂದರು. ಕುಬ್ರಾಬೇಗಂ ಮೌನಮ್ಮನನ್ನು ನೆಲಮಾಳಿಗೆಗೆ ಕರೆದೊಯ್ದು ಪ್ಲಾಸ್ಟಿಕ್ಕಿನ ಹಲಗೆಗಳನ್ನು ಅವಳ ತೊಡೆಯ ಮೇಲಿಟ್ಟಳು. ಮೌನಮ್ಮ ತಿರುಗಿಸಿ ಮುರುಗಿಸಿ, ಅಂಚಿಗೆ ಉಗುರು ಎಳೆದು ನೋಡಿದಳು. ಆಚೆಯ ಬದಿಯಿಂದ ಕುಬ್ರಾಬೇಗಂಳ ಮುಖ ಕಾಣುತ್ತಿತ್ತು.

"ಚಂದ ಮಾಡ್ಯಾರ," ಅಂದಳು ಮನಸ್ಸಿನಿಂದ. "ಇದರಾಗ ಏನೂ ಮುಚ್ಚಿಡಾಕ ಬರೂದಿಲ್ಲ."

"ತಲಿ ಮಾತ್ರ ನಿಮ್ಮದೇ ನಡದದ," ಅಂದಳು ಕುಬ್ರಾಬೇಗಂ. "ಅದನ್ನ ಬದಲಿ ಮಾಡಾಕ ಯಾರೂ ಕೈ ಹಚ್ಚಿಲ್ಲ."

ಮೇಲೆ ಬಂದಾಗ ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಸೆರಗಿನ ತುದಿ ಹಿಂಡುತ್ತ ಕೂತಿದ್ದಳು. ಶಹಾಪುರದ ಹತ್ತಿರದ ಗೋಗಿಯ ಚಂದಮ್ಮ. ಜೊತೆಗೆ ಬಂದ ಮೈದುನ ಚಹಾ ಕುಡಿಯಲು ಹೋಗಿದ್ದ. ಮೌನಮ್ಮ, ದಾವಲಬೀಯರ ಮಾತು ಕಿವಿಗೆ ಬಿದ್ದು, "ನಮ್ಮ ಕಡೆಯವರೇನ್ರಿ? ಆ ಯಂತ್ರದಾಗ ಮಲಗಿದ್ರ ಉರೀತದೇನ್ರಿ?" ಅಂದಳು.

ದಾವಲಬೀ ತನ್ನ ಕಪ್ಪು ಕೆನ್ನೆಯನ್ನು ಅವಳ ಕಡೆ ತಿರುಗಿಸಿದಳು. "ನೋಡು. ಐದು ವರ್ಷಾತು. ಮಲಗಿದಾಗ ಏನೂ ಗೊತ್ತಾಗೂದಿಲ್ಲ. ಆಮ್ಯಾಲ ಒಂದಿಷ್ಟು ದಿನ ಹುಣ್ಣು, ಖಾರ ತಿನ್ನಬ್ಯಾಡ."

ಮೌನಮ್ಮ ಚಂದಮ್ಮನ ಇನ್ನೊಂದು ಪಕ್ಕ ಕೂತಳು. ಒಳಗೆ ಏನೇನಿದೆ, ಯಾವಾಗ ಗುಂಯ್ ಅನ್ನುತ್ತದೆ, ಯಾವಾಗ ನಿಲ್ಲುತ್ತದೆ, ಅಳೆಯುವ ಹೆಂಗಸು ಎಷ್ಟು ಮೊಂಡಿ, ಒಂದು ಕೂದಲಷ್ಟು ತಪ್ಪಿದರೂ ಹೇಗೆ ಯಂತ್ರ ನಿಲ್ಲಿಸಿ ಮೊದಲಿನಿಂದ ಅಳೆಯುತ್ತಾಳೆ, ಒಂದೊಂದಾಗಿ ಹೇಳಿದಳು. ಚಂದಮ್ಮ ಸೆರಗು ಬಿಟ್ಟು ಅವಳ ಕೈ ಹಿಡಿದುಕೊಂಡಳು. ಬಹಳ ಹೊತ್ತಾದರೂ ಒಳಗಿನಿಂದ ಅವಳ ಹೆಸರು ಕೂಗಿರಲಿಲ್ಲ. ಅಷ್ಟರಲ್ಲಿ ವಾಡಿಯ ರೈಲು ಹೊರಟುಹೋಗುವ ಸಮಯ ದಾಟಿತ್ತು. ದಾವಲಬೀ ಬುತ್ತಿಯ ಗಂಟು ಬಿಚ್ಚಿ ಮೂವರಿಗೂ ರೊಟ್ಟಿ ಹಂಚಿದಳು, ಚಂದಮ್ಮನದಕ್ಕೆ ಮಾತ್ರ ಚಟ್ನಿಯ ಬದಲು ಬೆಣ್ಣೆ ಸವರಿ.